ನಕ್ಷೆ ಬಳಸಿ, ಜಾಡು ಬಿಟ್ಟುಕೊಡಬೇಡಿ

ಹೋಮ್‌ಸ್ಟೇ ಹುಡುಕಿ ಬರುವ ಪ್ರವಾಸಿ, ತೋಟಕ್ಕೆ ಗೊಬ್ಬರ ತರುವ ಲಾರಿ, ಕೊರಿಯರ್ ಹುಡುಗ: ಕೊಡಗಿನ ತಿರುವುಗಳಲ್ಲಿ ಈಗ ಎಲ್ಲರಿಗೂ ಮೊಬೈಲ್ ನಕ್ಷೆಯೇ ಆಸರೆ. ದಾರಿ ಕೇಳುವ ನೆಪದಲ್ಲಿ ನಾವು ಎಲ್ಲಿ ಮಲಗುತ್ತೇವೆ, ಯಾವ ಆಸ್ಪತ್ರೆಗೆ ಹೋಗುತ್ತೇವೆ ಎಂಬುದನ್ನೂ ಯಾರ್ಯಾರಿಗೋ ಹೇಳಿಬಿಡುತ್ತಿದ್ದೇವೆ. ಇದನ್ನು ತಡೆಯುವುದು ಕಷ್ಟವಲ್ಲ.

ಮೊದಲು ಒಂದು ಪ್ರಯೋಗ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಲೊಕೇಶನ್ ಮಾತ್ರ ಆನ್ ಇಟ್ಟು ನಕ್ಷೆ ತೆರೆಯಿರಿ. ಸಿಲ್ವರ್ ಓಕ್ ನೆರಳಿನಲ್ಲಿ ತಡವರಿಸುವ ನೀಲಿ ಚುಕ್ಕೆ, ಬಯಲಿಗೆ ಬಂದು ತುಸು ಕಾದರೆ ನೀವು ನಿಂತಲ್ಲಿಗೇ ಬರುತ್ತದೆ. ಟವರ್ ಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಜಿಪಿಎಸ್ ಉಪಗ್ರಹಗಳು ಸಮಯವನ್ನೂ ತಮ್ಮ ಸ್ಥಾನವನ್ನೂ ಸಾರುತ್ತಲೇ ಇರುತ್ತವೆ. ನಾಲ್ಕರ ಸಂಕೇತ ಸಿಕ್ಕರೆ ಉಳಿದ ಲೆಕ್ಕವನ್ನು ಫೋನೇ ಹಾಕುತ್ತದೆ. ಉಪಗ್ರಹಕ್ಕೆ ಅದು ಏನನ್ನೂ ಕಳುಹಿಸುವುದಿಲ್ಲ. ಸ್ಥಳ ತಿಳಿಸುವ ಇಸ್ರೊದ ಉಪಗ್ರಹ ವ್ಯವಸ್ಥೆ ನಾವಿಕ್ ಕೆಲಸ ಮಾಡುವುದೂ ಹೀಗೆಯೇ.

ಗುಟ್ಟು ಸೋರುವುದು ಆ್ಯಪ್‌ಗಳಿಂದ. ಬಳಕೆದಾರರ ಸ್ಥಳದ ವಿವರವನ್ನು ಜಾಹೀರಾತು ಜಾಲಗಳಿಗೆ ಕೊಡುತ್ತಿದೆ ಎಂದು ಟಾರ್ಚ್ ಆ್ಯಪ್ ಒಂದರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲೇ ಆರೋಪ ಹೊರಿಸಿತ್ತು. ಬೆಳಕು ಬಿಡಲು ನಮ್ಮ ವಿಳಾಸವೇಕೆ? ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ತೆರೆದು, ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಯನ್ನು ಒಂದೊಂದಾಗಿ ನೋಡಿ. ಆಟ, ಟಾರ್ಚ್, ಫೋಟೊ ತಿದ್ದುವ ಆ್ಯಪ್‌ಗಳಿಗೆ ಅನುಮತಿ ನಿರಾಕರಿಸಿ. ನಕ್ಷೆಗೆ ‘ಬಳಸುವಾಗ ಮಾತ್ರ’ ಸಾಕು. ಹವಾಮಾನ ಆ್ಯಪ್‌ಗೆ ನಿಖರ ಸ್ಥಳ ಬೇಡ, ಅಂದಾಜು ಸ್ಥಳ ಕೊಡಿ. ಮಡಿಕೇರಿಯಲ್ಲಿ ಮಳೆಯೇ ಎಂದು ತಿಳಿಯಲು ನಿಮ್ಮ ಮನೆಯ ಅಂಗಳ ಗೊತ್ತಿರಬೇಕಿಲ್ಲ.

ಗೂಗಲ್ ಮ್ಯಾಪ್ಸ್‌ನ ಟೈಮ್‌ಲೈನ್ ತೆರೆದು ಹಳೆಯ ಓಡಾಟ ಅಳಿಸಿ, ಬೇಡವಾದರೆ ಅದನ್ನೇ ಆಫ್ ಮಾಡಿ.

ಹೊರಡುವ ಮುನ್ನ, ವೈಫೈ ಇರುವಾಗಲೇ ಕೊಡಗಿನ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಗಾಳಿಬೀಡು, ಕಕ್ಕಬ್ಬೆ ಕಡೆ ಸಿಗ್ನಲ್ ಕೈಕೊಟ್ಟರೂ ದಾರಿ ಸಿಗುತ್ತದೆ. ಆದರೆ ಇಳಿಸಿಕೊಂಡ ನಕ್ಷೆಗೆ ಕುಸಿದ ಗುಡ್ಡ ಕಾಣದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕುಸಿದಿದ್ದನ್ನು ನಾವು ಮರೆಯುವಂತಿಲ್ಲ. ತೋಟದ ಖಾಸಗಿ ದಾರಿಯನ್ನು ನಕ್ಷೆ ಊರ ರಸ್ತೆಯೆಂದು ತೋರಿಸುವುದೂ ಉಂಟು. ಮಳೆಗಾಲದಲ್ಲಿ ಸಂಪಾಜೆ, ಮಾಕುಟ್ಟ ಘಾಟಿ ಇಳಿಯುವ ಮುನ್ನ ಆ ಕಡೆಯಿಂದ ಬಂದ ಬಸ್ ಚಾಲಕರನ್ನು ಕೇಳಿ. ಮುಖ್ಯ ತಿರುವುಗಳ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್. 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಆಯ್ಕೆಗಳಿವೆ. ಚಿಕ್ಕದನ್ನೇ ಆರಿಸಿ, ದೊಡ್ಡ ಗುಂಪುಗಳಿಗೆ ಹಾಕದೆ ಮನೆಯವರೊಬ್ಬರಿಗೆ ಕಳುಹಿಸಿ, ತಲುಪಿದ ಕೂಡಲೇ ನಿಲ್ಲಿಸಿ. ತಡಿಯಂಡಮೋಳ್ ಹತ್ತುವಾಗ ದಾರಿ ತಪ್ಪಿದರೆ ಮಾತ್ರ ಹಿಂದೆಮುಂದೆ ನೋಡದೆ 112ಕ್ಕೆ ಕರೆ ಮಾಡಿ, ನಿಂತಿರುವ ಜಾಗವನ್ನು ನಿಖರವಾಗಿ ಹೇಳಿ.