58.4ರಿಂದ 56 ವೋಲ್ಟಿಗೆ ಇಳಿಸಿದ ಮೇಲೆ ನಿಂತ ಟ್ರಿಪ್ಪು

ಯುಗಾದಿ ಆದಮೇಲೆ ಮಂಡ್ಯದ ನಮ್ಮ ಮನೆ ಸೋಲಾರ್ ಒಂದು ಸಲವೂ ಟ್ರಿಪ್ ಆಗಿಲ್ಲ. ಈಗ ಕಾರ್ತಿಕ. ಇಷ್ಟು ದಿನ ನೋಡಿಯೇ ಬರೆಯೋಣ ಅಂತ ಕಾದಿದ್ದೆ.

"ಗೃಹಜ್ಯೋತಿಲಿ 200 ಯೂನಿಟ್ ತನಕ ಫ್ರೀ ಇರುವಾಗ ಎರಡೂಮುಕ್ಕಾಲು ಲಕ್ಷ ಯಾಕಪ್ಪಾ ಸುರೀತೀಯ?" ಅಂತ ಭಾವ ಕೇಳಿದ್ದರು. ನನ್ನ ಚಿಂತೆ ಬಿಲ್ಲಿನದಲ್ಲ. ಮನೆಯವಳು ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಹಾಕ್ತಾಳೆ. ಬೇಸಿಗೇಲಿ ಕರೆಂಟ್ ಹೋಗಿ ಫ್ರಿಜ್ ಮೂರ್ನಾಲ್ಕು ಗಂಟೆ ನಿಂತರೆ ಹಿಟ್ಟು ಉಕ್ಕಿ ಡಬ್ಬದ ಮುಚ್ಚಳ ಎತ್ತಿಬಿಡುತ್ತೆ. ಆಮೇಲೆ ಅದು ಹಸುವಿಗೇ.

540 ವ್ಯಾಟಿನ ಆರು ಪ್ಯಾನೆಲ್, 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್, 51.2 ವೋಲ್ಟ್ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಬ್ಯಾಟರಿಗೇ ಲಕ್ಷದ ಹತ್ತಿರ ಆಯ್ತು. ಹಳೇ ಟ್ಯೂಬುಲರ್ ಬ್ಯಾಟರಿ ನಾಲ್ಕನ್ನೂ ಗುಜರಿಗೆ ಕೊಟ್ಟಾಗ ಇಪ್ಪತ್ತು ಸಾವಿರ ಬಂದಿರಬೇಕು.

ಹಾಕಿಸಿದ ಎರಡನೇ ವಾರದಿಂದಲೇ ಕಾಟ ಶುರು. ಒಳ್ಳೇ ಬಿಸಿಲಲ್ಲಿ, ಹನ್ನೊಂದೂವರೆ ಸುಮಾರಿಗೆ, ಇನ್ವರ್ಟರ್ ಕೀ ಅಂತ ಕಿರುಚಿ ನಿಂತುಬಿಡೋದು. ಹಾಕಿಕೊಟ್ಟವರು ಬಂದು ಗ್ರೈಂಡರ್ ಕಡೆ ಬೆರಳು ತೋರಿಸಿದರು: ಮೋಟಾರ್ ಸ್ಟಾರ್ಟಿಂಗ್ ಲೋಡ್ ಜಾಸ್ತಿ, ದೊಡ್ಡ ಇನ್ವರ್ಟರ್ ಬೇಕು, ಇನ್ನೊಂದು ಎಪ್ಪತ್ತು ಸಾವಿರ. ನಾನು ಒಪ್ಪಲಿಲ್ಲ. ಏಕಾದಶಿ ದಿನ ಗ್ರೈಂಡರ್ ಮುಟ್ಟದೇ ಇದ್ದರೂ ಟ್ರಿಪ್ ಆಗಿತ್ತು.

ಮಾರನೇ ದಿನ ಬಿಎಂಎಸ್ (ಬ್ಯಾಟರಿಯೊಳಗೆ ಸೆಲ್‌ಗಳನ್ನ ಕಾಯೋ ಸರ್ಕ್ಯೂಟ್) ಆ್ಯಪ್ ತೆರೆದು ಬ್ಯಾಟರಿ ಮುಂದೆಯೇ ಕೂತೆ. ಹದಿನಾರು ಸೆಲ್ಲಲ್ಲಿ ಹದಿನೈದು 3.43, 3.45 ವೋಲ್ಟಿನ ಆಸುಪಾಸಲ್ಲಿ ಇದ್ದವು. ಒಂಬತ್ತನೆಯದು ಮಾತ್ರ 3.52, 3.58, 3.64 ಅಂತ ಕಣ್ಣೆದುರೇ ಓಡ್ತಾ ಇತ್ತು. ಸೆಲ್ಲಿನ ಮಿತಿ 3.65 ದಾಟಿ ಸ್ವಲ್ಪ ಹೊತ್ತಿಗೆ ಬಿಎಂಎಸ್ ಚಾರ್ಜಿಂಗ್ ಕಡಿದುಹಾಕ್ತು. ನಲವತ್ತು ಆಂಪಿಯರ್ ಒಳಗೆ ಹೋಗ್ತಾ ಇದ್ದದ್ದು ದಿಢೀರ್ ನಿಂತಾಗ ಇನ್ವರ್ಟರ್ ಕಡೆ ವೋಲ್ಟೇಜ್ ಜಿಗಿದು ಟ್ರಿಪ್. ಇನ್ವರ್ಟರ್ ಸೆಟ್ಟಿಂಗ್ ನೋಡಿದರೆ ಬಲ್ಕ್, ಅಂದರೆ ಚಾರ್ಜ್ ಮಾಡೋ ಗರಿಷ್ಠ ವೋಲ್ಟೇಜ್, 58.4. ಅಂದರೆ ಸೆಲ್ಲಿಗೆ ಸರಾಸರಿ 3.65. ಹದಿನಾರೂ ಸಮ ಇದ್ದರೂ ಅದು ಅಂಚಿನ ಮೇಲಿನ ನಡಿಗೆಯೇ.

ಬ್ಯಾಟರಿ ಟೈಪನ್ನ ಯೂಸರ್‌ಗೆ (ಅಂಕಿ ನಾವೇ ಹಾಕೋ ಆಯ್ಕೆ) ಹಾಕಿ ಬಲ್ಕ್ 55.2, ಚಾರ್ಜಿಂಗ್ 20 ಆಂಪಿಯರ್ ಮಾಡಿದೆ. ಸೆಲ್‌ಗಳನ್ನ ಸಮ ಮಾಡೋ ಬ್ಯಾಲೆನ್ಸರ್ ಎಳೆಯೋದು ತೀರ ಕಮ್ಮಿ ಕರೆಂಟು, ಅದಕ್ಕೆ ಟೈಮ್ ಕೊಡಬೇಕು. ಹದಿನೈದು ಹದಿನಾರು ದಿನ ಹಾಗೇ ಬಿಟ್ಟೆ. ಆಮೇಲೆ ಬಲ್ಕ್ 56, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡೋ ವೋಲ್ಟೇಜ್) 54, ಲೋ ಕಟ್ (ಇಷ್ಟಕ್ಕಿಳಿದರೆ ಬ್ಯಾಟರಿ ಬಳಕೆ ಬಂದ್) 48. ಒಂಬತ್ತನೇ ಸೆಲ್ ಈಗ ಉಳಿದವುಗಳ ಜೊತೇಲೇ ಇದೆ. ಬ್ಯಾಟರಿ ಬಿಟ್ಟು ಗ್ರಿಡ್ ಕರೆಂಟಿಗೆ ಹೋಗೋ, ಮತ್ತೆ ಬ್ಯಾಟರಿಗೆ ವಾಪಸ್ ಬರೋ ವೋಲ್ಟೇಜ್ ಎರಡನ್ನ ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ನಾನು ಎರಡು ತಿಂಗಳು ರಾತ್ರಿ ಎದ್ದು ನೋಡಿದ್ದೀನಿ. ಬ್ಯಾಟರಿ, ಇನ್ವರ್ಟರ್ ನಡುವಿನ ಕಮ್ಯುನಿಕೇಶನ್ ಕೇಬಲ್ ಕೂಡ ಪಿನ್ ಬದಲಿಸಿ ನಾನೇ ಕ್ರಿಂಪ್ ಮಾಡಿದ್ದು. ಅಂಗಡಿಯ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದರೆ ಕೂರುತ್ತೆ, ಮಾತಾಡಲ್ಲ.

ನಮ್ಮ ಕಡೆಯ ಇನ್ನೊಂದು ತೊಂದರೆ ಆಲೆಮನೆ. ಒಲೆ ಉರಿದರೆ ರಚ್ಚಿನ (ಕಬ್ಬಿನ ಸಿಪ್ಪೆ) ಕರಿ ಬೂದಿ ಹಾರಿಬಂದು ಪ್ಯಾನೆಲ್ ಮೇಲೆ ಕೂರುತ್ತೆ. ಮಧ್ಯಾಹ್ನ 2,400 ವ್ಯಾಟ್ ಬರೋ ಕಡೆ 1,800ಕ್ಕೆ ಇಳಿದದ್ದು ನೋಡಿದ್ದೀನಿ. ಬೋರ್‌ವೆಲ್ ನೀರಲ್ಲಿ ತೊಳೆದೆ, ಬಿಳೀ ಕಲೆ ಉಳೀತು. ಅಂಟುವಾಳ ನೆನೆಸಿದ ನೀರಲ್ಲಿ ಉಜ್ಜಿ ನಲ್ಲಿ ನೀರು ಹಾಕಿದೆ, ಹೋಯ್ತು. ಬೆಳಗ್ಗೆ ಆರಕ್ಕೇ ಮುಗಿಸಬೇಕು. ಕಾದ ಗಾಜಿಗೆ ತಣ್ಣೀರು ಸುರಿಯೋದು ಬೇಡ.

ಬೇಸಿಗೇಲಿ ದಿನಕ್ಕೆ ಹನ್ನೆರಡು ಯೂನಿಟ್ ಆಸುಪಾಸು, ಆಷಾಢದ ಮೋಡಕ್ಕೆ ಐದಾರು. ಈಗ ಸಂಪಿನ ಒಂದು ಎಚ್‌ಪಿ ಮೋಟಾರನ್ನ ಟೈಮರಿಗೆ ಹಾಕಿ ಹನ್ನೆರಡು ಗಂಟೆಗೆ ಓಡಿಸ್ತಿದ್ದೀನಿ. ಆ ಹೊತ್ತಿಗೆ ಬ್ಯಾಟರಿ ಮುಕ್ಕಾಲು ತುಂಬಿರುತ್ತೆ, ರುಬ್ಬೋ ಕೆಲಸವೂ ಮುಗಿದಿರುತ್ತೆ.