ನೆರೆ ಬಂದ ಗದ್ದೆಗೆ ಪರಿಹಾರ ಪಡೆದದ್ದು ಹೀಗೆ

ನಮ್ಮ ಗದ್ದೆ ಬೈಲು ಉಡುಪಿ ಜಿಲ್ಲೆಯ ಬ್ರಹ್ಮಾವರದ ಕಡೆ, ಸೀತಾನದಿಯ ಬದಿಗೆ. ನೆರೆ ನಮಗೆ ಹೊಸತಲ್ಲ. ಆದರೆ ತೆನೆ ಬಂದ ಎಂಒ4 ತಳಿಯ ಭತ್ತ ಮಲಗಿ, ಅದರ ಮೇಲೆ ಮರಳು ಕೂತರೆ ಆ ವರ್ಷದ ಏಣಿಲು, ಅಂದರೆ ಮಳೆಗಾಲದ ಬೆಳೆ ಮುಗಿದ ಹಾಗೆಯೇ. ಪರಿಹಾರಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ಪಕ್ಕದ ಗದ್ದೆಯವರು, "ಸುಮ್ನೆ ಬಸ್ಸಿನ ದುಡ್ಡು ದಂಡ" ಎಂದರು.

ಲೆಕ್ಕ ಹಾಕಿದರೆ ಅವರ ಮಾತು ಸುಳ್ಳೇನಲ್ಲ. 2022-23ರಿಂದ 2025-26ರವರೆಗಿನ ಕೇಂದ್ರದ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಶೇಕಡಾ 33ಕ್ಕಿಂತ ಕಡಿಮೆ ಹಾನಿಯಾದರೆ ಇಲ್ಲ. ಹೆಕ್ಟೇರ್ ಅಂದರೆ 247 ಸೆಂಟ್ಸ್. ನಮ್ಮದು ಮಳೆಯಾಶ್ರಿತ, 60 ಸೆಂಟ್ಸ್. ಕೈಗೆ ಬರುವುದು 2 ಸಾವಿರದ ಚಿಲ್ಲರೆ. ನೇಜಿ (ಭತ್ತದ ಸಸಿ) ನೆಟ್ಟವರ ಒಂದು ದಿನದ ಕೂಲಿಗೂ ಸಾಲದು.

ಆದರೆ ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿದೆ. ನಮ್ಮೂರಲ್ಲಿ ಅದನ್ನು ಕೇಳುವವರೇ ಕಡಿಮೆ. ಗದ್ದೆಯಲ್ಲಿ 3 ಇಂಚಿಗಿಂತ ಜಾಸ್ತಿ ಮರಳು, ಹೂಳು ನಿಂತಿದ್ದರೆ ಅದನ್ನು ತೆಗೆಸಲು ಸಣ್ಣ ರೈತರಿಗೆ ಹೆಕ್ಟೇರಿಗೆ 18,000. ನಮ್ಮ ಭತ್ತದ ಬೆಳೆ ಪರಿಹಾರಕ್ಕಿಂತ ಇದೇ ದೊಡ್ಡದು, ಅಲ್ವಾ?

ಹಾಗಾಗಿ ನೀರು ಇಳಿದ ಕೂಡಲೇ ಮಗಳ ಸ್ಕೇಲ್ ತೆಗೆದುಕೊಂಡು ಗದ್ದೆಗಿಳಿದೆ. ಮರಳಿಗೆ ಚುಚ್ಚಿ, ಇಂಚಿನ ಗೆರೆ ಕಾಣುವ ಹಾಗೆ ಫೋಟೋ ತೆಗೆದೆ. ಕೆಲವು ಕಡೆ 5 ಇಂಚಿನ ಹತ್ತಿರ ಇತ್ತು. ಪಕ್ಕದಲ್ಲಿ ರಟ್ಟಿನ ಮೇಲೆ ಸರ್ವೆ ನಂಬರ್. ದಿನಾಂಕ, ಜಾಗ ಎರಡೂ ಚಿತ್ರದ ಮೇಲೆ ಬೀಳುವ ಆ್ಯಪ್ ಹಾಕಿಕೊಂಡಿದ್ದೆ. ವಿಎ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ, ಕೃಷಿ ಇಲಾಖೆಯವರ ಜೊತೆ ಬರುವಷ್ಟರಲ್ಲಿ ಇನ್ನೊಂದು ಮಳೆ ಬಂದು ಅರ್ಧ ಮರಳು ತೊಳೆದುಹೋಗಿತ್ತು. ಅವರು ಬದುವಿನ ಮೇಲೆ ನಿಂತು, "ಇಲ್ಲಿ ಅಷ್ಟಿಲ್ಲವಲ್ಲ" ಎಂದಾಗ ಮಾತಾಡಿದ್ದು ಆ ಸ್ಕೇಲೇ.

ಉಳಿದದ್ದೆಲ್ಲ ಕಾಗದದ ಕೆಲಸ. ಬೆಳೆ ಸಮೀಕ್ಷೆಯಲ್ಲಿ ಗದ್ದೆ 'ಭತ್ತ' ಎಂದೇ ದಾಖಲಾಗಿರಬೇಕು. ಫ್ರೂಟ್ಸ್ ಐಡಿಗೆ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆಗೆ, ಪಹಣಿ ಸೇರಿರಬೇಕು. ನಮ್ಮ ಕಡೆ ತೊಂದರೆ ಕೊಡುವುದು ಹೆಸರು. ಪಹಣಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಅದರ ಬಾಲಕ್ಕೆ ಪೂಜಾರಿಯೋ ಶೆಟ್ಟಿಯೋ. ಜಂಟಿ ಪಹಣಿಯಾದರೆ ಕೇಳುವುದೇ ಬೇಡ. ಮುಂಬೈಯಲ್ಲಿರುವ ಅಣ್ಣ, ಬೆಂಗಳೂರಿನ ಅಕ್ಕ, ಇಬ್ಬರಿಂದಲೂ ಒಪ್ಪಿಗೆ ಪತ್ರ ತರಿಸಿ ಕೊಟ್ಟೆ. ಇದನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿಟ್ಟರೆ ಒಳ್ಳೆಯದು. ನೆರೆಯ ವಾರದಲ್ಲಿ ಕಚೇರಿಯಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯನ್ನು ಇದರ ಜೊತೆ ಕಲೆಸಬೇಡಿ. ಅದಕ್ಕೆ ಕಂತು ಕಟ್ಟಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಮಳೆ ಮಾಪಕದ ಅಂಕಿ, ನಿಮ್ಮ ತೋಟದ ಫೋಟೋ ಅಲ್ಲ.

ಹಣ ಬಂತೇ ಎಂದು ವಿಎಗೆ ಫೋನ್ ಮಾಡುತ್ತಾ ಇರಬೇಕಾಗಿಲ್ಲ. ಕಂದಾಯ ಇಲಾಖೆಯ 'ಪರಿಹಾರ' ಪುಟದಲ್ಲಿ ವಿಕೋಪ, ವರ್ಷ ಆರಿಸಿ ಆಧಾರ್ ನಂಬರ್ ಹಾಕಿದರೆ ತಿಳಿಯುತ್ತದೆ. ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ಕಿಗೇ ಬರುತ್ತದೆ ಎಂದು ಕೂರಬೇಡಿ. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ನನ್ನದು ಗ್ಯಾಸ್ ಸಬ್ಸಿಡಿಗೆಂದು ತೆರೆದ ಹಳೇ ಖಾತೆಯಲ್ಲಿತ್ತು.