ಹಗಲ ಕಾರ್ಯಕ್ಕೆ ಹೂವಿನ ಸೆಂಟು

ಕಲಬುರಗಿಯಲ್ಲಿ ಮದುವೆಯ ಅಕ್ಷತೆ ಹೆಚ್ಚಾಗಿ ನಡುಮಧ್ಯಾಹ್ನವೇ ಬೀಳುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಮಂಟಪದಲ್ಲಿ ಮಂದಿ ಕಿಕ್ಕಿರಿದಿರುತ್ತಾರೆ. ಕಾವು ಹೆಚ್ಚಿದಷ್ಟೂ ಸೆಂಟು ಬೇಗ ಆವಿಯಾಗಿ ದೂರ ಹರಡುತ್ತದೆ. ಅದಕ್ಕೇ ಊದ್ (ಅಗರು), ಕಸ್ತೂರಿಯಂಥ ಗಾಢ ವಾಸನೆಗಳನ್ನು ನಾನು ರಾತ್ರಿಗೆ ಬಿಡುತ್ತೇನೆ. ಕುಬಸ (ಸೀಮಂತ), ತೊಟ್ಟಿಲು, ಅಕ್ಷತೆ ಯಾವುದೇ ಇರಲಿ, ಕುಂಕುಮ ಹಚ್ಚಲು ಹತ್ತಿರ ಬಂದವಳಿಗಷ್ಟೇ ಪರಿಮಳ ತಾಕಬೇಕು.

ಮೊದಲು ಮುಡಿಯ ವಿಚಾರ. ದುಂಡು ಮಲ್ಲಿಗೆ ಮುಡಿಯುವುದಾದರೆ ಮಲ್ಲಿಗೆ ಸೆಂಟು ಬೇಡವೇ ಬೇಡ. ತಾಜಾ ಹೂವಿನ ಮುಂದೆ ಅದು ಸಪ್ಪೆ ಬೀಳುತ್ತದೆ. ಅವತ್ತು ಗುಲಾಬಿ ಹಚ್ಚಿರಿ. ಕನಕಾಂಬರಕ್ಕೆ ತನ್ನದೇ ಪರಿಮಳವಿಲ್ಲ, ಆ ದಿನ ಮಲ್ಲಿಗೆ ಸೆಂಟು ಒಪ್ಪುತ್ತದೆ. ನನಗಂತೂ ಬಲು ಇಷ್ಟದ ಜೋಡಿ ಇದು.

ಬಂದೇನವಾಜ್ ದರ್ಗಾದ ಕಡೆಯ ಅತ್ತರ್ ಅಂಗಡಿಗೆ ಹೋದರೆ ಗಾಜಿನ ಕಡ್ಡಿಯಿಂದ ಮುಂಗೈ ಮೇಲೆ ಹಚ್ಚಿ ತೋರಿಸುತ್ತಾರೆ. ಆ ಕ್ಷಣಕ್ಕೇ ಮರುಳಾಗಬೇಡಿ. ಬಜಾರಿನ ಉಳಿದ ಕೆಲಸ ಮುಗಿಸಿ, ತಾಸೊಂದು ಬಿಟ್ಟು ಮೂಸಿರಿ. ಮೊದಲು ಏಳುವ ಘಮ ಬೇಗ ಹಾರಿಹೋಗುತ್ತದೆ. ಹೂವಿನ ಗುಣ ಗೊತ್ತಾಗುವುದು ಆಮೇಲೆ. ಉತ್ತರ ಪ್ರದೇಶದ ಅತ್ತರಿನ ಊರು ಕನ್ನೌಜಿನ ಸಾಂಪ್ರದಾಯಿಕ ಅತ್ತರಿನಲ್ಲಿ ಹೂವನ್ನು ತಾಮ್ರದ ಹಂಡೆಯಲ್ಲಿ ಕುದಿಸಿ, ಆ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸುತ್ತಾರೆ. ಹೀಗಾಗಿ ಅಸಲಿ ಗುಲಾಬಿ ಅತ್ತರಿನ ತಳದಲ್ಲಿ ಗಂಧ ಇರುತ್ತದೆ. ಒಂದು ಕಿಲೋ ಅಪ್ಪಟ ಗುಲಾಬಿ ಎಣ್ಣೆಗೆ ಸುಮಾರು 3ರಿಂದ 4 ಟನ್ ಹೂವು ಬೇಕು, ಅಂದಮೇಲೆ ಅಗ್ಗದ ಶೀಸೆಯಲ್ಲಿ ಇರುವುದು ಕೃತಕ ಪರಿಮಳವೇ. ಮನಸ್ಸಿಗೆ ಹಿಡಿಸಿದರೆ ಅದನ್ನೂ ಕೊಳ್ಳಬಹುದು. ಯಾವುದನ್ನೇ ಕೊಂಡರೂ ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಹನಿಯಷ್ಟು ಹಚ್ಚಿ, ಉರಿಯಾಗಲಿ ತುರಿಕೆಯಾಗಲಿ ಬರುತ್ತದೆಯೇ ನೋಡಿರಿ. ಸ್ಪ್ರೇ ಬಾಟಲಿ ಬೇಕೆನ್ನುವವರಿಗೆ ಹಗಲಿಗೆ ಇಡಿಟಿ (ಓ ದ ತ್ವಾಲೆತ್ ಎಂಬ ತೆಳು ಬಗೆ) ಸಾಕು; ಇಡಿಪಿಯಲ್ಲಿ (ಓ ದ ಪರ್ಫ್ಯೂಮ್) ಸುಗಂಧದ ಅಂಶ ಸಾಮಾನ್ಯವಾಗಿ ಹೆಚ್ಚು.

ಸ್ನಾನ ಮಾಡಿ ಮೈ ಒರೆಸಿದ ಮೇಲೆ, ಸೀರೆ ಉಡುವ ಮೊದಲೇ ಹಚ್ಚಿಕೊಳ್ಳಿ. ಒಣಗಿದ ಚರ್ಮದ ಮೇಲೆ ಪರಿಮಳ ನಿಲ್ಲುವುದಿಲ್ಲ, ತೆಳ್ಳಗೆ ವ್ಯಾಸಲೀನ್ ಸವರಿದರೆ ನಿಲ್ಲುತ್ತದೆ. ಕಿವಿ ಹಿಂದೆ ಒಂದು ಹನಿ, ಮೊಣಕೈ ಮಡಿಕೆಯಲ್ಲಿ ಒಂದು ಹನಿ, ಮುಗಿಯಿತು. ಸ್ಪ್ರೇ ಆದರೆ ಒಂದೇ ಸಲ ಒತ್ತಿರಿ. ಪೂರ್ತಿ ಆರಿದ ಮೇಲೆ ಉಡಿರಿ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ಅತ್ತರಿನ ಎಣ್ಣೆ ತಾಕಿದರೆ ಕಲೆ ಹೋಗುವುದು ಕಷ್ಟ. ನಿಂಬೆ ಜಾತಿಯ ಎಣ್ಣೆ ಬೆರೆತದ್ದನ್ನು ಬಿಸಿಲು ಬೀಳುವ ಕಡೆ ಹಚ್ಚಬೇಡಿ. ಅಂಥ ಕೆಲವು ಎಣ್ಣೆಗಳು ಬಿಸಿಲಿಗೆ ಚರ್ಮ ಸುಡಿಸಿ ಕಪ್ಪು ಕಲೆ ಉಳಿಸುತ್ತವೆ.

ತೊಟ್ಟಿಲ ಕಾರ್ಯಕ್ಕೆ ಹೊರಟವರು ಕುತ್ತಿಗೆಗೂ ಕೈಗೂ ಏನೂ ಹಚ್ಚದೆ ಹೋಗಿರಿ; ಅಲ್ಲಿ ಕೂಸನ್ನು ಎತ್ತಿಕೊಳ್ಳುವುದು ಇದ್ದೇ ಇರುತ್ತದೆ. ಮೊಣಕಾಲ ಹಿಂದೆ ಒಂದು ಹನಿ ಸಾಕು. ಇನ್ನು ಶೀಸೆಯನ್ನು ಕಾರಿನಲ್ಲಿ ಬಿಡಬೇಡಿ, ನಮ್ಮ ಬಿಸಿಲಿಗೆ ಪರಿಮಳ ಕೆಡುತ್ತದೆ. ಕಪಾಟಿನ ಒಳಗೆ, ಬೆಳಕು ತಾಗದ ಮೂಲೆಯಲ್ಲಿಡಿ.